ಕಟ್ಟಳೆ ಮತ್ತು ಹಾರೈಕೆ: ಚೀನಾದ ಅಂಗಳಮನೆಗಳ ಅಲಂಕರಣ

ಚೀನಾದ ವಾಸ್ತುಪರಂಪರೆಯನ್ನು ಕುರಿತ ಅಧ್ಯಯನಗಳಲ್ಲಿ ಅರಮನೆ, ದೇವಾಲಯ, ಪಗೋಡ ಮತ್ತು ಉದ್ಯಾನಗಳಿಗೆ ದೊರೆತ ಸ್ಥಾನ ವಾಸದ ಮನೆಗಳಿಗೆ ಬಹುಕಾಲ ದೊರೆಯಲಿಲ್ಲ. 1930ರಲ್ಲಿ ಝು ಚಿಚಿಯಾನ್ ಅವರ ನೇತೃತ್ವದಲ್ಲಿ ಆರಂಭವಾದ ಚೀನಾ ವಾಸ್ತುಶಿಲ್ಪ ಸಂಶೋಧನ ಸಂಘದ ವಿದ್ವಾಂಸರು ಮೊದಲು ಗಮನಹರಿಸಿದ್ದು ಪ್ರಾಚೀನ ದಾರುನಿರ್ಮಿತ ದೇವಾಲಯಗಳ ಕಡೆಗೆ. ಅದೇ ಸಂಘದಲ್ಲಿ ದುಡಿದ ಲಿಯು ದುನ್‌ಝೆನ್ ಅವರು 1957ರಲ್ಲಿ ಪ್ರಕಟಿಸಿದ ಗ್ರಂಥದಿಂದ ಚೀನಾದ ವಾಸದ ಮನೆಗಳ ಅಧ್ಯಯನಕ್ಕೆ ಒಂದು ಸ್ಪಷ್ಟ ತಳಹದಿ ದೊರೆಯಿತು. ಆದರೆ ಈ ಮನೆಗಳ ಅಲಂಕರಣವನ್ನು ಇಂದಿಗೂ ಸಾಮಾನ್ಯವಾಗಿ ಶುಭಸಂಕೇತಗಳ ಒಂದು ಪಟ್ಟಿಯಾಗಿ ಪರಿಚಯಿಸುವುದೇ ರೂಢಿ. ಬಾವಲಿ ಎಂದರೆ ಭಾಗ್ಯ, ಜಿಂಕೆ ಎಂದರೆ ಸಂಬಳ, ದಾಳಿಂಬೆ ಎಂದರೆ ಸಂತಾನ ಎಂಬ ಬಗೆಯ ಪಟ್ಟಿಗಳು ಅರ್ಥವನ್ನು ತಿಳಿಸುತ್ತವೆ. ಆ ಬಾವಲಿಯನ್ನು ಬಾಗಿಲ ಮೇಲಿನ ಇಟ್ಟಿಗೆಯಲ್ಲೇ ಏಕೆ ಕೆತ್ತಲಾಯಿತು, ತೊಲೆಯ ಮೇಲೆ ಬಣ್ಣದಿಂದ ಏಕೆ ಬರೆಯಲಿಲ್ಲ ಎಂಬ ಪ್ರಶ್ನೆಗೆ ಅವು ಉತ್ತರಿಸುವುದಿಲ್ಲ.

ಈ ಪ್ರಶ್ನೆಗೆ ಉತ್ತರ ದೊರೆಯುವುದು ಪ್ರಭುತ್ವದ ಕಟ್ಟಳೆಗಳಲ್ಲಿ. ಯಾರ ಮನೆಯಲ್ಲಿ ಎಷ್ಟು ಅಂಕಣಗಳಿರಬೇಕು, ಬಾಗಿಲಿಗೆ ಯಾವ ಬಣ್ಣ, ಬಾಗಿಲ ಬಳೆ ಯಾವ ಲೋಹದ್ದು ಎಂಬುದನ್ನು ಚೀನಾದ ರಾಜವಂಶಗಳು ಶತಮಾನಗಳ ಕಾಲ ನಿಯಂತ್ರಿಸಿದವು. ಆ ನಿಯಂತ್ರಣದ ಕೈಗೆ ಸಿಗದೆ ಉಳಿದ ಎಡೆಗಳಲ್ಲಿ ಮನೆತನಗಳು ತಮ್ಮ ಹಾರೈಕೆಗಳನ್ನು ಕೆತ್ತಿಸಿದವು. ಕಟ್ಟಳೆ ಮತ್ತು ಹಾರೈಕೆಗಳ ಈ ಸಂಬಂಧವನ್ನು ಮುಖ್ಯವಾಗಿ ಬೀಜಿಂಗಿನ ಅಂಗಳಮನೆಗಳ ಆಧಾರದಿಂದಲೂ, ಪೂರಕವಾಗಿ ಶಾಂಶಿ ಮತ್ತು ಹುಯಿಝೌ ಪ್ರದೇಶಗಳ ವರ್ತಕರ ಮನೆಗಳ ಆಧಾರದಿಂದಲೂ ಇಲ್ಲಿ ಪರಿಶೀಲಿಸಲಾಗಿದೆ.

ಪ್ರಾಚೀನತೆ ಮತ್ತು ವಿನ್ಯಾಸ

ಬೀಜಿಂಗಿನ ಅಂಗಳಮನೆಗೆ 'ಸಿಹೆಯುವಾನ್' ಎಂದು ಹೆಸರು. ನಾಲ್ಕು ಕಡೆಗಳಿಂದ ಆವೃತವಾದ ಅಂಗಳ ಎಂಬುದು ಅದರ ಅರ್ಥ. ಕನ್ನಡದ ಓದುಗರಿಗೆ ತೊಟ್ಟಿಮನೆಯ ನೆನಪು ಬರುವುದು ಸಹಜವಾದರೂ ಎರಡಕ್ಕೂ ರಚನೆಯಲ್ಲಿ ವ್ಯತ್ಯಾಸವಿದೆ. ತೊಟ್ಟಿಮನೆಯಲ್ಲಿ ಒಂದೇ ಚಾವಣಿ ತೊಟ್ಟಿಯನ್ನು ಸುತ್ತುವರಿಯುತ್ತದೆ. ಬೀಜಿಂಗಿನ ಮನೆಯಲ್ಲಿ ನಾಲ್ಕು ದಿಕ್ಕುಗಳಲ್ಲಿ ನಾಲ್ಕು ಪ್ರತ್ಯೇಕ ಕಟ್ಟಡಗಳಿದ್ದು, ಅವುಗಳ ನಡುವಣ ಅಂಗಳ ವಿಶಾಲವಾಗಿ ಆಕಾಶಕ್ಕೆ ತೆರೆದಿರುತ್ತದೆ. ಉತ್ತರದಲ್ಲಿ ದಕ್ಷಿಣಾಭಿಮುಖವಾದ ಮುಖ್ಯ ಕಟ್ಟಡ ಹಿರಿಯರದು. ಪೂರ್ವ ಪಶ್ಚಿಮಗಳ ಪಾರ್ಶ್ವಕಟ್ಟಡಗಳು ಮಕ್ಕಳ ಸಂಸಾರಗಳಿಗೆ ಮೀಸಲು. ದಕ್ಷಿಣದ ಬೀದಿಗೋಡೆಗೆ ಬೆನ್ನುಮಾಡಿದ ಸಾಲು ಅತಿಥಿಗಳಿಗೂ ಆಳುಕಾಳುಗಳಿಗೂ ಸಲ್ಲುತ್ತದೆ. ಹೆಬ್ಬಾಗಿಲು ಮಧ್ಯದಲ್ಲಿರದೆ ಸಾಮಾನ್ಯವಾಗಿ ಆಗ್ನೇಯ ಮೂಲೆಯಲ್ಲಿರುತ್ತದೆ.

ಈ ವಿನ್ಯಾಸದ ಮೂಲ ಬಹು ಪ್ರಾಚೀನವಾದುದು. ಶಾನ್ಶಿ ಪ್ರಾಂತದ ಚಿಶಾನ್ ಬಳಿಯ ಫೆಂಗ್‌ಚು ಎಂಬಲ್ಲಿ 1976ರಲ್ಲಿ ನಡೆದ ಉತ್ಖನನದಲ್ಲಿ ಪಶ್ಚಿಮ ಝೌ ಕಾಲಕ್ಕೆ, ಅಂದರೆ ಸುಮಾರು ಮೂರು ಸಾವಿರ ವರ್ಷಗಳ ಹಿಂದಕ್ಕೆ ಸೇರಿದ ಎರಡು ಅಂಗಳಗಳ ಕಟ್ಟಡವೊಂದರ ತಳಪಾಯ ದೊರೆಯಿತು. ಅದರ ಬಾಗಿಲಿನ ಮುಂದೆ ಮರೆಗೋಡೆಯ ಅವಶೇಷವೂ ಇದ್ದುದು ವಿಶೇಷ. ಪೂರ್ವ ಹಾನ್ ಕಾಲದ, ಸಿಚುವಾನ್ ಪ್ರದೇಶದ ಚಿತ್ರಿತ ಇಟ್ಟಿಗೆಗಳಲ್ಲಿ ಅಂಗಳ, ಪಡಸಾಲೆ ಮತ್ತು ಗೋಪುರಗಳಿಂದ ಕೂಡಿದ ಮನೆಯ ಚಿತ್ರಣ ಸ್ಪಷ್ಟವಾಗಿದೆ.

ಬೀಜಿಂಗಿನ ಇಂದಿನ ಬೀದಿಗಳ ಚೌಕಟ್ಟು ಯುವಾನ್ ರಾಜವಂಶದ ಕೊಡುಗೆ. ಕುಬ್ಲಾಯ್ ಖಾನನು 1267ರಲ್ಲಿ 'ದಾದು' ಎಂಬ ಹೊಸ ರಾಜಧಾನಿಯ ನಿರ್ಮಾಣವನ್ನು ಆರಂಭಿಸಿದನು. 1285ರ ಆಜ್ಞೆಯಂತೆ ಹಳೆಯ ನಗರದಿಂದ ಬರುವ ಶ್ರೀಮಂತರಿಗೂ ಅಧಿಕಾರಿಗಳಿಗೂ ಆದ್ಯತೆಯ ಮೇಲೆ ಎಂಟು 'ಮು' ಅಳತೆಯ ನಿವೇಶನಗಳನ್ನು ನಿಗದಿಪಡಿಸಲಾಯಿತು. 'ಹುತೊಂಗ್' ಎಂಬ ಓಣಿಗಳ ನಡುವೆ ಸಾಲಾಗಿ ನಿಂತ ಅಂಗಳಮನೆಗಳ ನಗರರೂಪ ಹೀಗೆ ಮೂಡಿತು. ನಿವೇಶನದ ಹಂಚಿಕೆಯಲ್ಲಿಯೇ ಸಂಪತ್ತು ಮತ್ತು ಪದವಿಗಳೆಂಬ ಎರಡು ಮಾನದಂಡಗಳು ಜೊತೆಯಾಗಿ ಬಂದುದು ಗಮನಾರ್ಹ. ಮುಂದೆ ಅಲಂಕರಣದ ಇತಿಹಾಸದಲ್ಲಿ ಇವೆರಡರ ತಿಕ್ಕಾಟವೇ ಮುಖ್ಯವಾಗುತ್ತದೆ.

ಪ್ರಭುತ್ವದ ಕಟ್ಟಳೆಗಳು

ಮನೆಯ ಅಲಂಕಾರವನ್ನು ನಿಯಂತ್ರಿಸುವ ಕಟ್ಟಳೆಗಳು ತಾಂಗ್ ಕಾಲದಲ್ಲಿಯೇ ಖಚಿತ ರೂಪ ಪಡೆದಿದ್ದವು. ಸಾಮಾನ್ಯ ಪ್ರಜೆಯ ಪಡಸಾಲೆ ಮೂರು ಅಂಕಣಗಳನ್ನು ಮೀರಬಾರದು, ಬಾಗಿಲ ಮನೆ ಒಂದೇ ಅಂಕಣದ್ದಾಗಿರಬೇಕು, ಮನಬಂದಂತೆ ಅಲಂಕಾರ ಮಾಡಬಾರದು ಎಂಬುದು ಆ ಕಾಲದ ವಿಧಿ.

ಮಿಂಗ್ ವಂಶದ ಸ್ಥಾಪಕ ಹೊಂಗ್‌ವು ಚಕ್ರವರ್ತಿಯ ಆಳ್ವಿಕೆಯಲ್ಲಿ, 1393ರಲ್ಲಿ, ಈ ವಿಧಿಗಳನ್ನು ವಿವರವಾಗಿ ನಿರೂಪಿಸಲಾಯಿತು. ಮಿಂಗ್ ವಂಶದ ಅಧಿಕೃತ ಇತಿಹಾಸದಲ್ಲಿ ದಾಖಲಾಗಿರುವ ಈ ವಿವರಗಳು ಅಲಂಕರಣದ ಅಧ್ಯಯನಕ್ಕೆ ಅಮೂಲ್ಯ ಆಕರ. ಉನ್ನತ ಸಾಮಂತರ ಮುಂಭಾಗದ ಪಡಸಾಲೆಗೆ ಏಳು ಅಂಕಣ. ಅವರ ಮೂರು ಅಂಕಣಗಳ ಬಾಗಿಲಿಗೆ ಚಿನ್ನದ ಬಣ್ಣದ ಅರಗಿನ ಲೇಪ, ಮೃಗಮುಖವುಳ್ಳ ತವರದ ಬಳೆ. ಒಂದನೆಯ ಮತ್ತು ಎರಡನೆಯ ದರ್ಜೆಯ ಅಧಿಕಾರಿಗಳಿಗೆ ಐದು ಅಂಕಣಗಳ ಪಡಸಾಲೆ, ಹಸಿರು ಬಾಗಿಲು, ಮೃಗಮುಖದ ತವರದ ಬಳೆ. ಮೂರರಿಂದ ಐದನೆಯ ದರ್ಜೆಯವರಿಗೆ ಕಪ್ಪು ಬಾಗಿಲು ಮತ್ತು ಮೃಗಮುಖವಿಲ್ಲದ ತವರದ ಬಳೆ. ಆರರಿಂದ ಒಂಬತ್ತನೆಯ ದರ್ಜೆಯವರಿಗೆ ಒಂದೇ ಅಂಕಣದ ಕಪ್ಪು ಬಾಗಿಲು ಮತ್ತು ಕಬ್ಬಿಣದ ಬಳೆ. ಅವರ ತೊಲೆಗಳಿಗೆ ಮಣ್ಣಿನ ಹಳದಿ ಬಣ್ಣ ಮಾತ್ರ. ಚಾವಣಿಯ ಏಣಿನ ಮೇಲಿನ ಹೆಂಚಿನ ಮೃಗಗಳು ಐದನೆಯ ದರ್ಜೆಯವರೆಗೆ ಸಲ್ಲುತ್ತಿದ್ದವು. ಸಾಮಾನ್ಯ ಪ್ರಜೆಗೆ ಮೂರು ಅಂಕಣ, ಐದು ತೊಲೆಸಾಲುಗಳ ಮನೆ. ಬೋದಿಗೆಗಳ ಜೋಡಣೆಯಾಗಲಿ ಬಣ್ಣದ ಚಿತ್ರಣವಾಗಲಿ ಇರಕೂಡದು.

ಈ ಪಟ್ಟಿಯಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಬೀದಿಯಲ್ಲಿ ನಿಂತವನ ಕಣ್ಣಿಗೆ ಬೀಳುವ ಭಾಗಗಳ ಮೇಲೆ ನಿಯಂತ್ರಣ ಹೆಚ್ಚು ಬಿಗಿಯಾಗಿದೆ. ಬಾಗಿಲ ಅಗಲ, ಬಣ್ಣ, ಬಳೆ, ಚಾವಣಿಯ ಏಣು ಇವೆಲ್ಲ ದೂರದಿಂದಲೇ ಮನೆಯ ಯಜಮಾನನ ದರ್ಜೆಯನ್ನು ಸಾರುತ್ತಿದ್ದವು. 1447ರಲ್ಲಿ ಈ ವಿಧಿಯನ್ನು ಸ್ವಲ್ಪ ಸಡಿಲಿಸಿದಾಗಲೂ ಪ್ರಜೆಗಳ ಮನೆಯ ಆಳವನ್ನು ಹೆಚ್ಚಿಸಲು ಅವಕಾಶ ದೊರೆಯಿತೇ ಹೊರತು ಮುಂಭಾಗದ ಅಂಕಣಗಳನ್ನು ಹೆಚ್ಚಿಸಲು ದೊರೆಯಲಿಲ್ಲ. ಎರಡನೆಯದಾಗಿ, ಪಟ್ಟಿಯಲ್ಲಿ ಮರ, ಬಣ್ಣ, ಲೋಹ ಮತ್ತು ಹೆಂಚುಗಳ ಪ್ರಸ್ತಾಪವಿದೆ. ಗೋಡೆಯ ಇಟ್ಟಿಗೆಯ ಕೆತ್ತನೆಯ ಪ್ರಸ್ತಾಪವಿಲ್ಲ. ಈ ಮೌನದ ಪರಿಣಾಮ ದೊಡ್ಡದು.

ಚಿಂಗ್ ಕಾಲದಲ್ಲಿಯೂ ಇದೇ ಧೋರಣೆ ಮುಂದುವರಿಯಿತು. ಅರಮನೆಯ ಬಾಗಿಲಿಗೆ ಒಂಬತ್ತು ಸಾಲುಗಳಲ್ಲಿ ಒಂಬತ್ತೊಂಬತ್ತು, ಒಟ್ಟು 81 ಗುಬ್ಬಿಮೊಳೆಗಳಿದ್ದರೆ, ಮೊದಲ ದರ್ಜೆಯ ರಾಜಕುಮಾರನ ಬಾಗಿಲಿಗೆ 63 ಮಾತ್ರ. ಹಳದಿ ಮೆರುಗಿನ ಹೆಂಚು ಚಕ್ರವರ್ತಿಗೂ, ಹಸಿರು ಮೆರುಗಿನ ಹೆಂಚು ರಾಜಕುಮಾರರಿಗೂ ಸಲ್ಲುತ್ತಿದ್ದವು. ಉಳಿದ ನಗರವೆಲ್ಲ ಬೂದುಬಣ್ಣದ ಇಟ್ಟಿಗೆ ಮತ್ತು ಬೂದುಬಣ್ಣದ ಹೆಂಚುಗಳದು. ಬೀಜಿಂಗಿನ ಹಳೆಯ ಓಣಿಗಳ ಪ್ರಸಿದ್ಧವಾದ ಬೂದುಬಣ್ಣದ ಸೌಮ್ಯತೆ ಅಭಿರುಚಿಯ ಫಲವೆಂದು ಭಾವಿಸುವವರು ಅದರ ಹಿಂದಿರುವ ಈ ನಿರ್ಬಂಧವನ್ನು ಮರೆಯಬಾರದು.

ಹೆಬ್ಬಾಗಿಲುಗಳ ಶ್ರೇಣಿ

ಬೀಜಿಂಗಿನ ಹೆಬ್ಬಾಗಿಲುಗಳಲ್ಲಿ ಹಲವು ಪ್ರಭೇದಗಳಿದ್ದು, ಅವುಗಳ ನಡುವಣ ಮುಖ್ಯ ವ್ಯತ್ಯಾಸ ಬಾಗಿಲ ಕದಗಳನ್ನು ಎಷ್ಟು ಒಳಗೆ ಅಳವಡಿಸಲಾಗಿದೆ ಎಂಬುದರಲ್ಲಿದೆ. 'ಗುವಾಂಗ್‌ಲಿಯಾಂಗ್' ಬಾಗಿಲಿನಲ್ಲಿ ಕದಗಳು ಚಾವಣಿಯ ಏಣಿನ ನೇರ ಕೆಳಗೆ, ನಡುಗಂಬಗಳ ಸಾಲಿನಲ್ಲಿರುತ್ತವೆ. ಹೀಗಾಗಿ ಬಾಗಿಲ ಮುಂದೆ ಆಳವಾದ ಮೊಗಸಾಲೆಯೊಂದು ಏರ್ಪಡುತ್ತದೆ. ಪದವಿಯುಳ್ಳ ಅಧಿಕಾರಿಗಳ ಮನೆಗೆ ಇದು ಸಲ್ಲುತ್ತಿತ್ತು. 'ಜಿನ್‌ಝು' ಬಾಗಿಲಿನಲ್ಲಿ ಕದಗಳು ಒಂದು ಹೆಜ್ಜೆ ಮುಂದೆ ಬರುತ್ತವೆ; ಮೊಗಸಾಲೆ ಕಿರಿದಾಗುತ್ತದೆ. ಈ ಎರಡು ಬಗೆಗಳಲ್ಲಿ ತೊಲೆಯೂ ಕಂಬವೂ ಕೂಡುವೆಡೆಯಲ್ಲಿ ಕೆತ್ತನೆಯ ಮರದ ರೆಕ್ಕೆಗಳನ್ನು ಅಳವಡಿಸುವ ಸಂಪ್ರದಾಯವಿದೆ. 'ಮಾನ್‌ಜಿ' ಬಾಗಿಲಿನಲ್ಲಿ ಕದಗಳು ಸೂರಿನ ಕಂಬಗಳ ಸಾಲಿಗೇ ಬಂದುನಿಂತು ಮೊಗಸಾಲೆ ಇಲ್ಲವಾಗುತ್ತದೆ.

'ರುಯಿ' ಬಾಗಿಲು ಅಲಂಕರಣದ ದೃಷ್ಟಿಯಿಂದ ಎಲ್ಲಕ್ಕಿಂತ ಮುಖ್ಯವಾದುದು. ಇಲ್ಲಿ ಸೂರಿನ ಕಂಬಗಳ ನಡುವೆ ಇಟ್ಟಿಗೆಯ ಗೋಡೆ ಕಟ್ಟಿ, ಅದರ ನಡುವೆ ಕಿರಿದಾದ ಬಾಗಿಲೊಂದನ್ನು ಬಿಡಲಾಗುತ್ತದೆ. ಪದವಿಯಿಲ್ಲದ ಅನುಕೂಲಸ್ಥರ, ಮುಖ್ಯವಾಗಿ ವರ್ತಕರ ಬಾಗಿಲು ಇದು. ಕಟ್ಟಳೆಯ ದೃಷ್ಟಿಯಿಂದ ಇದು ಒಂದೇ ಅಂಕಣದ, ಬಣ್ಣದ ಚಿತ್ರಣವಿಲ್ಲದ, ವಿನೀತವಾದ ಬಾಗಿಲು. ಆದರೆ ಬಾಗಿಲ ಮೇಲ್ಭಾಗದಿಂದ ಸೂರಿನವರೆಗೆ ಉಳಿದ ಇಟ್ಟಿಗೆಯ ಪಟ್ಟಿಯಲ್ಲಿ ಅತ್ಯಂತ ಸೂಕ್ಷ್ಮವಾದ ಕೆತ್ತನೆ ಹರಡಿಕೊಂಡಿರುತ್ತದೆ. ಕಟಾಂಜನವನ್ನು ಅನುಕರಿಸುವ ಫಲಕಗಳು, ಅವುಗಳೊಳಗೆ ಹೂಬಳ್ಳಿಗಳು, ಋತುಗಳ ಹೂಗಳು, ಪುರಾತನ ಪಾತ್ರೆಗಳ ಸಮೂಹ ಇವೆಲ್ಲ ಅಲ್ಲಿ ಕಾಣುತ್ತವೆ. ಅಧಿಕಾರಿಯ ಬಾಗಿಲಿನ ಗಾಂಭೀರ್ಯ ಅದರ ಆಳದಲ್ಲಿದ್ದರೆ, ಪದವಿಯಿಲ್ಲದವನ ಬಾಗಿಲಿನ ವೈಭವವೆಲ್ಲ ಇಟ್ಟಿಗೆಯ ಮೇಲ್ಮೈಯಲ್ಲಿದೆ. ಕಟ್ಟಳೆ ಹೆಸರಿಸದೆ ಬಿಟ್ಟ ಮಾಧ್ಯಮದಲ್ಲಿ ಸಂಪತ್ತು ತನ್ನನ್ನು ಪ್ರಕಟಿಸಿಕೊಂಡ ಬಗೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ಕೆಲವು ರುಯಿ ಬಾಗಿಲುಗಳು ಮೂಲತಃ ಗುವಾಂಗ್‌ಲಿಯಾಂಗ್ ಬಾಗಿಲುಗಳಾಗಿದ್ದುದೂ ಉಂಟು. ಅಧಿಕಾರಿಯ ಮನೆಯನ್ನು ಪದವಿಯಿಲ್ಲದವನು ಕೊಂಡಾಗ ಆಳವಾದ ಮೊಗಸಾಲೆಯನ್ನು ಉಳಿಸಿಕೊಳ್ಳುವಂತಿರಲಿಲ್ಲ. ಮುಂಭಾಗಕ್ಕೆ ಇಟ್ಟಿಗೆ ಕಟ್ಟಿ ಬಾಗಿಲನ್ನು ಕಿರಿದುಗೊಳಿಸಲಾಗುತ್ತಿತ್ತು. ಇಂತಹ ಬಾಗಿಲಿನಲ್ಲಿ ಒಂದು ಮನೆತನದ ಇಳಿಕೆ ಮತ್ತು ಇನ್ನೊಂದರ ಏರಿಕೆ ಎರಡೂ ದಾಖಲಾಗಿರುತ್ತವೆ.

ಈ ಇಟ್ಟಿಗೆಯ ಕೆಲಸದ ತಾಂತ್ರಿಕತೆಯೂ ಉಲ್ಲೇಖನೀಯ. ಸುಟ್ಟ ಗೂಡಿಗೆ ಮೇಲಿನಿಂದ ನೀರನ್ನು ಇಳಿಸಿ, ಗಾಳಿಯ ಸಂಪರ್ಕವನ್ನು ತಡೆದು ತಣಿಸುವುದರಿಂದ ಇಟ್ಟಿಗೆಗೆ ಕೆಂಪಿನ ಬದಲು ಬೂದುಬಣ್ಣ ಬರುತ್ತದೆ. ಸಣ್ಣಕಣದ ಇಟ್ಟಿಗೆಗಳನ್ನು ಆರಿಸಿ, ಕಲ್ಲಿನಿಂದ ಉಜ್ಜಿ ನಯಗೊಳಿಸಿ, ಸಂದು ಕಾಣದಂತೆ ಜೋಡಿಸಲಾಗುತ್ತದೆ. ಮರದ ಕೆಲಸಕ್ಕೆ ಬಳಸುವಂತಹ ಉಳಿಗಳಿಂದಲೇ ಕೆತ್ತನೆ ನಡೆಯುತ್ತದೆ.

ಬಾಗಿಲ ಕಲ್ಲು ಮತ್ತು ಬಾಗಿಲ ಮೊಳೆ

ಹೆಬ್ಬಾಗಿಲಿನ ಎರಡೂ ಬದಿಗಳಲ್ಲಿರುವ 'ಮೆನ್‌ದುನ್' ಎಂಬ ಕಲ್ಲುಗಳು ಬೀಜಿಂಗಿನ ಓಣಿಗಳ ಗುರುತಿನಂತಿವೆ. ನೋಡುಗರಿಗೆ ಇವು ಶುದ್ಧ ಅಲಂಕಾರವೆಂದು ತೋರಿದರೂ ವಾಸ್ತವದಲ್ಲಿ ಹೊಸ್ತಿಲಿನ ಒಳಗೂ ಹೊರಗೂ ಚಾಚಿದ ಒಂದೇ ಕಲ್ಲಿನ ಹೊರಭಾಗಗಳು. ಒಳಭಾಗದಲ್ಲಿರುವ ಕುಳಿ ಭಾರವಾದ ಕದದ ತಿರುಗುಗೂಟವನ್ನು ಹೊರುತ್ತದೆ. ಹೊರಭಾಗದ ತೂಕ ಅದಕ್ಕೆ ಸಮತೋಲ ನೀಡುತ್ತದೆ. ಹೊರಭಾಗ ನಗಾರಿಯ ಆಕಾರದಲ್ಲಿರಬಹುದು ಅಥವಾ ಚೌಕ ಪೆಟ್ಟಿಗೆಯ ಆಕಾರದಲ್ಲಿರಬಹುದು. ನಗಾರಿ ಸೇನಾಧಿಕಾರಿಯ ಮನೆಯದು, ಪೆಟ್ಟಿಗೆ ಪುಸ್ತಕಗಳ ಸಂಕೇತವಾದುದರಿಂದ ಆಡಳಿತಾಧಿಕಾರಿಯದು ಎಂಬ ನಂಬಿಕೆ ಜನಜನಿತವಾಗಿದೆ. ಉಳಿದುಬಂದಿರುವ ಮನೆಗಳನ್ನು ನೋಡಿದರೆ ದೊಡ್ಡ ಬಾಗಿಲುಗಳಿಗೆ ನಗಾರಿಯೂ ಚಿಕ್ಕ ಬಾಗಿಲುಗಳಿಗೆ ಪೆಟ್ಟಿಗೆಯೂ ಬಳಕೆಯಾಗಿರುವುದು ಹೆಚ್ಚಾಗಿ ಕಂಡುಬರುತ್ತದೆ. ನಗಾರಿಯ ನೆತ್ತಿಯ ಮೇಲೆ ಸಿಂಹ, ಎರಡು ಪಕ್ಕಗಳಲ್ಲಿ ಉಬ್ಬುಶಿಲ್ಪ, ಕೆಳಗೆ ವಸ್ತ್ರ ಹಾಸಿದಂತೆ ಕೆತ್ತಿದ ಪೀಠ ಇವು ಇದರ ಸಾಮಾನ್ಯ ಅಂಗಗಳು.

ಬಾಗಿಲ ಮೇಲ್ಪಟ್ಟಿಯಿಂದ ಹೊರಚಾಚಿದ 'ಮೆನ್‌ಜಾನ್' ಎಂಬ ಮರದ ಮೊಳೆಗಳೂ ಇಂತಹವೇ. ಕದಗಳ ಮೇಲ್ತುದಿಯ ಗೂಟಗಳನ್ನು ಹಿಡಿದಿಡುವ ಒಳಪಟ್ಟಿಯನ್ನು ಮೇಲ್ಪಟ್ಟಿಗೆ ಬಿಗಿಯುವುದು ಇವುಗಳ ಕೆಲಸ. ಸ್ತ್ರೀಯರ ತಲೆಗೂದಲಿನ ಸೂಜಿಯ ಹೆಸರನ್ನೇ ಇವುಗಳಿಗೆ ಇಡಲಾಗಿದೆ. ಷಟ್ಕೋನಾಕಾರದ ಇವುಗಳ ತಲೆಯ ಮೇಲೆ ನಾಲ್ಕು ಋತುಗಳ ಹೂಗಳನ್ನೋ ಶುಭಾಕ್ಷರಗಳನ್ನೋ ಕೆತ್ತಲಾಗುತ್ತದೆ. ದೊಡ್ಡ ಬಾಗಿಲುಗಳಿಗೆ ನಾಲ್ಕು, ಚಿಕ್ಕವಕ್ಕೆ ಎರಡು ಮೊಳೆಗಳಿರುವುದು ರೂಢಿ. ಸಮಾನ ಅಂತಸ್ತಿನ ಮನೆತನಗಳ ನಡುವೆ ವಿವಾಹ ಸಂಬಂಧ ಏರ್ಪಡಬೇಕೆಂಬ ಅರ್ಥದಲ್ಲಿ ಬಾಗಿಲಿಗೆ ಬಾಗಿಲು ಸರಿಹೊಂದಬೇಕೆನ್ನುವ ನುಡಿಗಟ್ಟು ಚೀನೀ ಭಾಷೆಯಲ್ಲಿದೆ. ಬಾಗಿಲನ್ನು ನೋಡಿ ಮನೆತನವನ್ನು ಅಳೆಯುವ ಸಮಾಜದಲ್ಲಿ ಅದು ಅಕ್ಷರಶಃ ಸತ್ಯವಾಗಿತ್ತು.

ಮರೆಗೋಡೆ ಮತ್ತು ಎರಡನೆಯ ಬಾಗಿಲು

ಹೆಬ್ಬಾಗಿಲನ್ನು ದಾಟಿದೊಡನೆ ಎದುರಾಗುವುದು 'ಯಿಂಗ್‌ಬಿ' ಎಂಬ ಮರೆಗೋಡೆ. ದುಷ್ಟಶಕ್ತಿಗಳು ನೇರದಾರಿಯಲ್ಲಿ ಮಾತ್ರ ಚಲಿಸುತ್ತವೆ, ಈ ಗೋಡೆ ಅವುಗಳನ್ನು ತಡೆಯುತ್ತದೆ ಎಂಬ ನಂಬಿಕೆಯಿದೆ. ಒಳಗಿನ ಬದುಕು ಬೀದಿಯ ಕಣ್ಣಿಗೆ ಬೀಳದಂತೆ ಕಾಯುವುದು ಇದರ ವ್ಯಾವಹಾರಿಕ ಪ್ರಯೋಜನ. ಕೆಲವೆಡೆ ಇದು ಸ್ವತಂತ್ರವಾಗಿ ನಿಂತಿದ್ದರೆ, ಹಲವು ಮನೆಗಳಲ್ಲಿ ಪೂರ್ವದ ಪಾರ್ಶ್ವಕಟ್ಟಡದ ಗೋಡೆಗೆ ಆತುಕೊಂಡಿರುತ್ತದೆ. ಮರೆಗೋಡೆಯು ತನ್ನದೇ ಆದ ಪೀಠ, ಕಂಬ, ತೊಲೆ ಮತ್ತು ಸೂರುಗಳಿಂದ ಕೂಡಿದ ಒಂದು ಪುಟ್ಟ ಕಟ್ಟಡದಂತಿದ್ದು, ಮರದ ಅಂಗಗಳನ್ನೆಲ್ಲ ಇಟ್ಟಿಗೆಯಲ್ಲಿ ಅನುಕರಿಸಲಾಗಿರುತ್ತದೆ. ನಡುವಣ ಫಲಕಕ್ಕೆ ನಯಗೊಳಿಸಿದ ಚೌಕ ಇಟ್ಟಿಗೆಗಳನ್ನು ಓರೆಯಾಗಿ ಜೋಡಿಸಿ, ಮಧ್ಯದಲ್ಲಿ ಒಂದು ಹೂಗುಚ್ಛವನ್ನೂ ನಾಲ್ಕು ಮೂಲೆಗಳಲ್ಲಿ ನಾಲ್ಕು ತ್ರಿಕೋನ ಕೆತ್ತನೆಗಳನ್ನೂ ಇಡುವುದು ಬೀಜಿಂಗಿನ ಮಾದರಿ. ಹೂಗುಚ್ಛದ ಸ್ಥಾನದಲ್ಲಿ ಭಾಗ್ಯವನ್ನು ಸೂಚಿಸುವ ಅಕ್ಷರಗಳಿರುವುದೂ ಉಂಟು. ಮರೆಗೋಡೆಯ ಉಳಿದ ಭಾಗವನ್ನು ಬರಿದಾಗಿ ಬಿಡುವುದರಿಂದ ಕೆತ್ತನೆಯ ಮೇಲೆ ಬಿದ್ದ ನೆರಳು ಬೆಳಕು ಎದ್ದುಕಾಣುತ್ತದೆ.

ಹೊರ ಅಂಗಳದಿಂದ ಒಳ ಅಂಗಳಕ್ಕೆ ಹೋಗುವ ಬಾಗಿಲು 'ಚುಯಿಹುವಾಮೆನ್', ಅಂದರೆ ತೂಗುಹೂವಿನ ಬಾಗಿಲು. ಇದರ ಮುಂಭಾಗದಲ್ಲಿ ನೆಲವನ್ನು ಮುಟ್ಟದೆ ಸೂರಿನಿಂದ ತೂಗಿಬಿದ್ದ ಎರಡು ಮೋಟುಗಂಬಗಳಿರುತ್ತವೆ. ಅವುಗಳ ತುದಿಯನ್ನು ತಲೆಕೆಳಗಾದ ತಾವರೆಯ ಮೊಗ್ಗಿನಂತೆ ಕೆತ್ತಿ ಬಣ್ಣ ಹಚ್ಚಲಾಗುತ್ತದೆ. ಮುಂದಿನ ಚಾವಣಿಗೆ ಏಣಿದ್ದು ಹಿಂದಿನ ಚಾವಣಿ ಏಣಿಲ್ಲದೆ ಬಾಗಿರುವ ಜೋಡಿ ಚಾವಣಿಯ ರಚನೆ ಇಲ್ಲಿ ಸಾಮಾನ್ಯ. ಬೂದುಬಣ್ಣದ ಮನೆಯಲ್ಲಿ ಬಣ್ಣ ತುಂಬಿ ತುಳುಕುವ ಎಡೆ ಇದೊಂದೇ ಎನ್ನಬಹುದು. ಸುಝೌ ಶೈಲಿಯೆಂದು ಹೆಸರಾದ ಚಿತ್ರಣದಲ್ಲಿ ತೊಲೆಯ ನಡುವೆ ಅರ್ಧವೃತ್ತದ ಅವಕಾಶ ಬಿಟ್ಟು, ಅದರೊಳಗೆ ಭೂದೃಶ್ಯ, ಹೂಹಕ್ಕಿ ಮತ್ತು ಕಥಾಪ್ರಸಂಗಗಳನ್ನು ಬರೆಯಲಾಗುತ್ತದೆ.

ಈ ಬಾಗಿಲು ಬೀದಿಗೆ ಕಾಣಿಸುವುದಿಲ್ಲ ಎಂಬುದು ಮುಖ್ಯ. ಬೀದಿಯ ಬಾಗಿಲು ಪ್ರಭುತ್ವದ ಲೆಕ್ಕಕ್ಕೆ ಸೇರಿದ್ದರೆ ಎರಡನೆಯ ಬಾಗಿಲು ಮನೆತನದ ಲೆಕ್ಕಕ್ಕೆ ಸೇರಿದ್ದು. ಹೊರಗಿನ ಗಂಡಸರು ಇದನ್ನು ದಾಟಿ ಒಳಗೆ ಬರುವಂತಿರಲಿಲ್ಲ. ಮನೆಯ ಹೆಣ್ಣುಮಕ್ಕಳು ಇದನ್ನು ದಾಟಿ ಹೊರಗೆ ಹೋಗದಿರುವುದು ಕುಲೀನತೆಯ ಲಕ್ಷಣವೆನಿಸಿತ್ತು. ಬಾಗಿಲಿನ ಒಳಬದಿಗೆ ಹಸಿರು ಬಣ್ಣದ ನಾಲ್ಕು ಹಲಗೆಗಳ ಇನ್ನೊಂದು ಮರೆ ಇದ್ದು, ಮದುವೆ, ಶವಯಾತ್ರೆಗಳಂತಹ ಸಂದರ್ಭಗಳಲ್ಲಿ ಮಾತ್ರ ಅದನ್ನು ತೆರೆಯುತ್ತಿದ್ದರು. ಮನೆಯ ಅತ್ಯಂತ ಸುಂದರವಾದ ಭಾಗವೇ ಮನೆಯ ಸ್ತ್ರೀಯರಿಗೆ ಎಲ್ಲೆಯೂ ಆಗಿತ್ತು. ಈ ಅಲಂಕಾರವನ್ನು ಕುರಿತು ಬರೆಯುವಾಗ ಆ ಸಂಗತಿಯನ್ನು ಬದಿಗಿಡುವುದು ಸಾಧ್ಯವಿಲ್ಲ.

ಕಿಟಕಿಯ ಜಾಲಂಧ್ರ

ಒಳ ಅಂಗಳಕ್ಕೆ ಮುಖಮಾಡಿದ ಕಟ್ಟಡಗಳಲ್ಲಿ ಮರದ ಜಾಲಂಧ್ರಗಳು ಪ್ರಧಾನ ಅಲಂಕಾರ. ಇವುಗಳ ದಟ್ಟ ಹೆಣಿಗೆಗೆ ತಾಂತ್ರಿಕ ಕಾರಣವಿದೆ. ಗಾಜು ಬಳಕೆಗೆ ಬರುವ ಮೊದಲು ಕಿಟಕಿಗಳಿಗೆ ಕಾಗದವನ್ನು ಅಂಟಿಸಲಾಗುತ್ತಿತ್ತು. ಕಾಗದಕ್ಕೆ ಆಸರೆಯಾಗಲು ಸಣ್ಣ ಸಣ್ಣ ಅಂತರದ ಮರದ ಪಟ್ಟಿಗಳು ಬೇಕಾಗಿದ್ದವು. ಈ ಅಗತ್ಯದಿಂದಲೇ ಆಮೆಯ ಬೆನ್ನಿನ ಷಟ್ಕೋನ ವಿನ್ಯಾಸ, ಬಿರುಕುಬಿಟ್ಟ ಮಂಜುಗಡ್ಡೆಯ ವಿನ್ಯಾಸ, ನಡುವೆ ತೆರಪುಳ್ಳ ದೀಪದ ಚೌಕಟ್ಟಿನ ವಿನ್ಯಾಸ ಮೊದಲಾದವು ಬೆಳೆದವು. ಉದ್ದಗಿಡ್ಡ ಪಟ್ಟಿಗಳು ಮೆಟ್ಟಿಲಿನಂತೆ ಒಳಸರಿಯುವ 'ಬುಬುಜಿನ್' ವಿನ್ಯಾಸ ಬೀಜಿಂಗಿನಲ್ಲಿ ಬಹಳ ಜನಪ್ರಿಯ. ಅದರ ಹೆಸರಿನ ಉಚ್ಚಾರಣೆಯಲ್ಲಿ ಹೆಜ್ಜೆ ಹೆಜ್ಜೆಗೂ ಮುನ್ನಡೆ ಎಂಬ ಅರ್ಥವೂ ಧ್ವನಿಸುತ್ತದೆ. ಗಾಜು ಬಂದ ಮೇಲೆ ಜಾಲಂಧ್ರದ ನಡುಭಾಗ ತೆರೆದುಕೊಂಡು ಹೆಣಿಗೆ ಅಂಚಿಗೆ ಸರಿಯಿತು.

ಶ್ಲೇಷೆಯ ಭಾಷೆ

ಚೀನೀ ಭಾಷೆಯಲ್ಲಿ ಒಂದೇ ಉಚ್ಚಾರಣೆಯ ಪದಗಳು ಹೇರಳವಾಗಿವೆ. ಕನ್ನಡ ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಅಂಗಳಮನೆಯ ಅಲಂಕಾರದ ಬಹುಭಾಗ ಚಿತ್ರದಲ್ಲಿ ಮೂಡಿದ ಶ್ಲೇಷಾಲಂಕಾರ. ಬಾವಲಿಯ ಹೆಸರಿನಲ್ಲಿರುವ 'ಫು' ಎಂಬ ಧ್ವನಿಯೇ ಭಾಗ್ಯವೆಂಬ ಪದದ ಧ್ವನಿ. ಬಾವಲಿಯನ್ನು ಅಶುಭವೆಂದು ಕಾಣುವ ನಾಡಿನ ಓದುಗರಿಗೆ ಇದು ವಿಚಿತ್ರವೆನಿಸಿದರೂ ಚೀನಾದಲ್ಲಿ ಐದು ಬಾವಲಿಗಳೆಂದರೆ ದೀರ್ಘಾಯುಷ್ಯ, ಸಂಪತ್ತು, ಆರೋಗ್ಯ, ಸದ್ಗುಣಪ್ರೀತಿ ಮತ್ತು ಸುಖಮರಣಗಳೆಂಬ ಐದು ಭಾಗ್ಯಗಳು. ಹೂದಾನಿಯ 'ಪಿಂಗ್' ಶಾಂತಿಯನ್ನು ಸೂಚಿಸುತ್ತದೆ. ದಾಳಿಂಬೆ ಶ್ಲೇಷೆಯ ನೆರವಿಲ್ಲದೆ ತನ್ನ ಬೀಜಗಳ ಸಮೃದ್ಧಿಯಿಂದಲೇ ಬಹುಸಂತಾನವನ್ನು ಹಾರೈಸುತ್ತದೆ.

ಈ ಶ್ಲೇಷೆ ಅಂಗಳದ ಗಿಡಮರಗಳಿಗೂ ಹಬ್ಬಿದೆ. ಯುಲಾನ್, ಹಾಯ್‌ತಾಂಗ್ ಮತ್ತು ಪಿಯೊನಿ ಹೂಗಳನ್ನು ಒಟ್ಟಿಗೆ ಬೆಳೆಸಿದರೆ ವೈಭವದ ಮನೆ ಎಂಬ ಅರ್ಥ ಹೊರಡುತ್ತದೆ. ಹಿಪ್ಪುನೇರಳೆಯ ಹೆಸರು ಸಾವಿನ ಸೂತಕವನ್ನೂ ಪೇರುಹಣ್ಣಿನ ಹೆಸರು ಅಗಲಿಕೆಯನ್ನೂ ನೆನಪಿಸುವುದರಿಂದ ಅವುಗಳನ್ನು ಅಂಗಳದಲ್ಲಿ ನೆಡುತ್ತಿರಲಿಲ್ಲ. ಕೆತ್ತನೆಗೆ ಹಣವಿಲ್ಲದವರ ಮನೆಯಲ್ಲಿ ಇದೇ ಹಾರೈಕೆಗಳು ಹೊಸವರ್ಷದ ಕಾಗದದ ಚಿತ್ರಗಳಲ್ಲಿ, ಬಾಗಿಲಿಗೆ ಅಂಟಿಸಿದ ದ್ವಾರದೇವತೆಗಳಲ್ಲಿ ಮತ್ತು ಕೆಂಪು ಕಾಗದದ ದ್ವಿಪದಿಗಳಲ್ಲಿ ಕಾಣಿಸಿಕೊಂಡು ಪ್ರತಿವರ್ಷ ನವೀಕರಣಗೊಳ್ಳುತ್ತಿದ್ದವು.

ಮುಖ್ಯವಾದ ಅಂಶವೆಂದರೆ ಈ ಹಾರೈಕೆಗಳಲ್ಲಿ ದೊಡ್ಡ ಪಾಲು ಅಧಿಕಾರಪದವಿಗೆ ಸಂಬಂಧಿಸಿದ್ದು. ಜಿಂಕೆಯ 'ಲು' ಎಂದರೆ ಅಧಿಕಾರಿಯ ಸಂಬಳ. ಕುದುರೆಯ ಮೇಲೆ ಕುಳಿತ ಕೋತಿ ಎಂದರೆ ಬೇಗನೆ ಸಾಮಂತಪದವಿ ದೊರೆಯಲಿ ಎಂಬ ಹಾರೈಕೆ. ದೊಡ್ಡ ಸಿಂಹ ಮತ್ತು ಮರಿಸಿಂಹಗಳ ಜೋಡಿ ಆಸ್ಥಾನದ ಹಿರಿಯ ಮತ್ತು ಕಿರಿಯ ಗುರುಗಳ ಪದವಿಗಳನ್ನು ಸೂಚಿಸುತ್ತದೆ. ಹೂದಾನಿಯಲ್ಲಿ ನೆಟ್ಟ ಮೂರು ಭರ್ಜಿಗಳು ಮೂರು ದರ್ಜೆಗಳ ಬಡ್ತಿಯನ್ನು ಕೋರುತ್ತವೆ. ಪದವಿಯಿಲ್ಲದ ವರ್ತಕನ ಮನೆಯಲ್ಲಿ ಇಂತಹ ಚಿತ್ರಗಳನ್ನು ಕಂಡಾಗ ಅವುಗಳ ಅರ್ಥ ಪೂರ್ಣವಾಗುತ್ತದೆ. ಹಸಿರು ಬಾಗಿಲಿಗೂ ಮೃಗಮುಖದ ಬಳೆಗೂ ಅರ್ಹನಲ್ಲದವನು ತನ್ನ ಮಗನೋ ಮೊಮ್ಮಗನೋ ರಾಜ್ಯದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅದಕ್ಕೆ ಅರ್ಹನಾಗಲಿ ಎಂದು ಗೋಡೆಯ ಮೇಲೆ ಬರೆಸಿಕೊಂಡಿದ್ದಾನೆ. ಕಟ್ಟಳೆ ಹಕ್ಕಾಗಿ ನಿರಾಕರಿಸಿದ್ದನ್ನು ಅಲಂಕಾರವು ಹಾರೈಕೆಯಾಗಿ ಕೇಳುತ್ತದೆ. ಕಟ್ಟಳೆಯನ್ನು ಅದು ಪ್ರತಿಭಟಿಸುವುದಿಲ್ಲ. ಅದರ ಶ್ರೇಣಿಯಲ್ಲಿ ಮೇಲೇರುವ ಆಸೆಯನ್ನು ವ್ಯಕ್ತಪಡಿಸುತ್ತದೆ.

ಭಾರತೀಯ ಮೂಲದ ಅಂಶಗಳು

ಈ ಅಲಂಕರಣದಲ್ಲಿ ಬೌದ್ಧಧರ್ಮದೊಡನೆ ಭಾರತದಿಂದ ಹೋದ ಅಂಶಗಳೂ ಸೇರಿವೆ. ಮರೆಗೋಡೆ ಮತ್ತು ಬಾಗಿಲ ಕಲ್ಲುಗಳ ಪೀಠಕ್ಕೆ ಚೀನೀ ಭಾಷೆಯಲ್ಲಿ 'ಶುಮಿ ಪೀಠ' ಎಂಬ ಹೆಸರಿದೆ. 'ಶುಮಿ' ಎಂಬುದು ಸಂಸ್ಕೃತದ ಸುಮೇರು ಶಬ್ದದ ರೂಪಾಂತರ. ನಡುವೆ ಒಳಸರಿದು ಮೇಲೆ ಕೆಳಗೆ ಪದ್ಮದಳಗಳಿಂದ ಕೂಡಿದ ಈ ಪೀಠ ಮೊದಲು ಬುದ್ಧಪ್ರತಿಮೆಗಳಿಗೆ ಬಳಕೆಯಾಗಿ, ಕ್ರಮೇಣ ಅರಮನೆಗೂ ಬಳಿಕ ಮನೆಗಳಿಗೂ ಬಂದಿತು. ಸ್ವಸ್ತಿಕವೂ ಇದೇ ದಾರಿಯಲ್ಲಿ ಬಂದುದು. ಸಾಮ್ರಾಜ್ಞಿ ವು ಜೆತಿಯಾನ್ 693ರಲ್ಲಿ ಇದನ್ನು 'ವಾನ್' ಎಂದು ಉಚ್ಚರಿಸಬೇಕೆಂದು ವಿಧಿಸಿದಳೆಂದು ಬೌದ್ಧ ಮೂಲಗಳು ತಿಳಿಸುತ್ತವೆ. ಹತ್ತು ಸಾವಿರ ಎಂಬ ಸಂಖ್ಯೆಯ ಉಚ್ಚಾರಣೆಯೂ ಅದೇ. ಒಂದಕ್ಕೊಂದು ಕೊಂಡಿಯಾಗಿ ಕೊನೆಯಿಲ್ಲದೆ ಹರಡುವ ಸ್ವಸ್ತಿಕಗಳ ಜಾಲ ಅನಂತತೆಯ ಸಂಕೇತವಾಗಿ ಕಿಟಕಿ, ತೊಲೆ ಮತ್ತು ಇಟ್ಟಿಗೆಗಳಲ್ಲಿ ಕಾಣುತ್ತದೆ. ಸಿಂಹವೂ ಚೀನಾದ ಮೂಲಪ್ರಾಣಿಯಲ್ಲ. ಭಾರತದಿಂದ ಹೋದ ಪ್ರತೀಕಗಳು ತಮ್ಮ ಧಾರ್ಮಿಕ ಅರ್ಥವನ್ನು ಹಿನ್ನೆಲೆಗೆ ಸರಿಸಿ ಚೀನೀ ಉಚ್ಚಾರಣೆಯ ಶ್ಲೇಷೆಯೊಳಗೆ ಹೊಸ ಅರ್ಥ ಪಡೆದ ಬಗೆ ಸಾಂಸ್ಕೃತಿಕ ಸಂಪರ್ಕಗಳ ಅಧ್ಯಯನಕ್ಕೆ ಉಪಯುಕ್ತ.

ವರ್ತಕರ ಮನೆಗಳು ಮತ್ತು ಅಭಿರುಚಿಯ ವಿವಾದ

ರಾಜಧಾನಿಯಿಂದ ದೂರದಲ್ಲಿದ್ದ ವರ್ತಕರ ಊರುಗಳಲ್ಲಿ ಈ ಪ್ರವೃತ್ತಿ ಇನ್ನಷ್ಟು ಬೆಳೆಯಿತು. ಶಾಂಶಿ ಪ್ರಾಂತದ ಚಿ ಜಿಲ್ಲೆಯ ಚಿಯಾವ್ ಮನೆತನದ ಸಮುಚ್ಚಯ 18ನೇ ಶತಮಾನದಲ್ಲಿ ಆರಂಭವಾಗಿ ಬೆಳೆದು 313 ಕೊಠಡಿಗಳನ್ನು ಹೊಂದಿದೆ. ಹುಂಡಿ ವ್ಯವಹಾರದಿಂದ ಶ್ರೀಮಂತವಾದ ಈ ಮನೆತನದ ಮರೆಗೋಡೆಯ ಮೇಲೆ ದೀರ್ಘಾಯುಷ್ಯವನ್ನು ಸೂಚಿಸುವ 'ಶೌ' ಎಂಬ ಒಂದೇ ಅಕ್ಷರವನ್ನು ನೂರು ಬೇರೆ ಬೇರೆ ರೂಪಗಳಲ್ಲಿ ಕೆತ್ತಲಾಗಿದೆ. 1986ರಿಂದ ವಸ್ತುಸಂಗ್ರಹಾಲಯವಾಗಿರುವ ಈ ಮನೆ ಝಾಂಗ್ ಯಿಮೊ ಅವರ 1991ರ ಚಲನಚಿತ್ರದ ಮೂಲಕ ಜಗತ್ತಿಗೆ ಪರಿಚಿತವಾಯಿತು. ಲಿಂಗ್‌ಶಿ ಜಿಲ್ಲೆಯ ವಾಂಗ್ ಮನೆತನದ ಸಮುಚ್ಚಯವು ಮರ, ಕಲ್ಲು, ಇಟ್ಟಿಗೆ ಮೂರರ ಕೆತ್ತನೆಗೂ ಹೆಸರಾಗಿದೆ.

ದಕ್ಷಿಣದ ಅನ್‌ಹುಯಿ ಪ್ರಾಂತದ ಹುಯಿಝೌ ಪ್ರದೇಶದಲ್ಲಿ ಅಂಗಳ ಕಿರಿದಾಗಿ ಬೆಳಕಿನ ಬಾವಿಯಂತಾಗುತ್ತದೆ. ಹೊರಗೆ ಎತ್ತರವಾದ ಬಿಳಿಗೋಡೆ. ಅದರಲ್ಲಿ ಬಾಗಿಲ ಮೇಲಷ್ಟೇ ಕಮಾನನ್ನು ಅನುಕರಿಸುವ ಇಟ್ಟಿಗೆಯ ಕೆತ್ತನೆ. ಒಳಗೆ ಬಣ್ಣ ಕಡಿಮೆ, ಮರದ ಕೆತ್ತನೆ ಅಪಾರ. ಹೊಂಗ್‌ಚುನ್ ಗ್ರಾಮದಲ್ಲಿ ಉಪ್ಪಿನ ವರ್ತಕನೊಬ್ಬನು 1855ರಲ್ಲಿ ಕಟ್ಟಿಸಿದ ಚೆಂಗ್‌ಝಿ ಸಭಾಂಗಣದ ಮನೆ ಇದಕ್ಕೆ ಉತ್ತಮ ಉದಾಹರಣೆ. ಹೊಂಗ್‌ಚುನ್ ಮತ್ತು ಶಿದಿ ಗ್ರಾಮಗಳು 2000ದಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು.

ಇಂತಹ ಅಲಂಕಾರವನ್ನು ಎಲ್ಲರೂ ಮೆಚ್ಚಲಿಲ್ಲ. ಉದ್ಯಾನನಿರ್ಮಾಣವನ್ನು ಕುರಿತು 'ಯುವಾನ್‌ಯೆ' ಎಂಬ ಗ್ರಂಥವನ್ನು 1631ರಲ್ಲಿ ಪೂರ್ಣಗೊಳಿಸಿದ ಜಿ ಚೆಂಗ್, ಗೋಡೆಗಳ ಮೇಲೆ ಹೂಹಕ್ಕಿಗಳನ್ನೂ ಮೃಗಗಳನ್ನೂ ಕೆತ್ತುವ ರೂಢಿ ಉದ್ಯಾನಕ್ಕೂ ಒಪ್ಪುವುದಿಲ್ಲ, ಮನೆಯ ಮುಂಭಾಗಕ್ಕೂ ಒಪ್ಪುವುದಿಲ್ಲ ಎಂದು ಆಕ್ಷೇಪಿಸಿದ್ದಾನೆ. ವಿದ್ವಾಂಸ ವರ್ಗದ ಅಭಿರುಚಿ ಸರಳತೆಯನ್ನು ಹಿರಿದೆಂದು ಭಾವಿಸಿತು. ಪದವಿಯಿದ್ದವರಿಗೆ ಅಥವಾ ಅದರ ಸಂಸ್ಕಾರವಿದ್ದವರಿಗೆ ಗೋಡೆಯ ಮೇಲೆ ಹಾರೈಸಿಕೊಳ್ಳುವ ಅಗತ್ಯ ಅಷ್ಟಾಗಿ ಇರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು.

ಇಪ್ಪತ್ತನೆಯ ಶತಮಾನದ ಪಲ್ಲಟಗಳು

1912ರಲ್ಲಿ ಚಿಂಗ್ ಆಳ್ವಿಕೆ ಕೊನೆಗೊಂಡಾಗ ಕಟ್ಟಳೆಗಳೂ ಕೊನೆಗೊಂಡವು. ಪಾಶ್ಚಾತ್ಯ ಮಾದರಿಯ ಕಂಬ ಕಮಾನುಗಳುಳ್ಳ ಬಾಗಿಲುಗಳು ಹಳೆಯವುಗಳ ನಡುವೆ ಕಾಣಿಸಿಕೊಂಡವು. 1949ರ ನಂತರ ಒಂದು ಮನೆತನದ ಅಂಗಳ ಹಲವು ಸಂಸಾರಗಳ ವಠಾರವಾಯಿತು. ಹಳೆಯ ನಗರವನ್ನು ಉಳಿಸಿ ಆಡಳಿತ ಕೇಂದ್ರವನ್ನು ಪಶ್ಚಿಮಕ್ಕೆ ಒಯ್ಯಬೇಕೆಂದು ಲಿಯಾಂಗ್ ಸಿಚೆಂಗ್ ಮತ್ತು ಚೆನ್ ಝಾನ್‌ಶಿಯಾಂಗ್ 1950ರಲ್ಲಿ ಮಂಡಿಸಿದ ಯೋಜನೆ ಅಂಗೀಕಾರವಾಗಲಿಲ್ಲ. 1966ರಲ್ಲಿ ಆರಂಭವಾದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಹಳೆಯ ಸಂಕೇತಗಳ ನಾಶ ಕಾರ್ಯಕ್ರಮವಾಗಿಯೇ ನಡೆಯಿತು. ಬೀಜಿಂಗಿನ ಎಷ್ಟೋ ಬಾಗಿಲ ಕಲ್ಲುಗಳ ಸಿಂಹಗಳಿಗೆ ಇಂದು ತಲೆಯಿಲ್ಲ. ಕೆಲವೆಡೆ ನಿವಾಸಿಗಳು ಕೆತ್ತನೆಗಳ ಮೇಲೆ ಮಣ್ಣು ಅಥವಾ ಸುಣ್ಣದ ಗಾರೆ ಬಳಿದು ಅವುಗಳನ್ನು ಉಳಿಸಿಕೊಂಡರು. 1976ರ ತಾಂಗ್‌ಶಾನ್ ಭೂಕಂಪದ ನಂತರ ತಾತ್ಕಾಲಿಕವಾಗಿ ಕಟ್ಟಿದ ಗುಡಿಸಲುಗಳು ಶಾಶ್ವತವಾಗಿ ಉಳಿದು ಅಂಗಳಗಳನ್ನು ತುಂಬಿದವು.

1990ರ ದಶಕದ ನಗರ ನವೀಕರಣದಲ್ಲಿ ಓಣಿ ಓಣಿಗಳೇ ನೆಲಸಮವಾದವು. ಡೊಂಗ್‌ಸಿ ಪ್ರದೇಶದ ಚೊಂಗ್‌ಲಿ ನಿವಾಸದಂತಹ ಕೆಲವು ಮನೆಗಳಿಗೆ 1988ರಲ್ಲಿಯೇ ರಾಷ್ಟ್ರಮಟ್ಟದ ರಕ್ಷಣೆ ದೊರೆತಿತ್ತಾದರೂ ಸಾಮಾನ್ಯ ಮನೆಗಳಿಗೆ ಅದು ದೊರೆಯಲಿಲ್ಲ. ಹಳೆಯ ನಗರಕ್ಕಾಗಿ ವಾದಿಸಿದ ಲಿಯಾಂಗ್ ಸಿಚೆಂಗ್ ಮತ್ತು ಲಿನ್ ಹುಯಿಯಿನ್ ದಂಪತಿಗಳು 1930ರ ದಶಕದಲ್ಲಿ ವಾಸಿಸಿದ್ದ ಅಂಗಳಮನೆಯೇ 2012ರಲ್ಲಿ ಕೆಡವಲ್ಪಟ್ಟಿತು. ಚೀನಾದ ಸಾಂಪ್ರದಾಯಿಕ ದಾರುವಾಸ್ತು ಕೌಶಲ 2009ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದ್ದು ಕುಶಲಕರ್ಮಿಗಳ ವಿದ್ಯೆಗೆ ದೊರೆತ ಮನ್ನಣೆ.

ಉಳಿಕೆಯ ಪ್ರಶ್ನೆ ಈಗ ಬೇರೊಂದು ರೂಪ ತಾಳಿದೆ. ಬಾಗಿಲ ಕಲ್ಲುಗಳೂ ಕೆತ್ತನೆಯ ಫಲಕಗಳೂ ಪುರಾತನ ವಸ್ತುಗಳ ಮಾರುಕಟ್ಟೆಯಲ್ಲಿ ಬೆಲೆ ಪಡೆದಿವೆ. ಹೊಸದಾಗಿ ಕಟ್ಟಿದ ಅಂಗಳಮನೆಗಳಲ್ಲಿ ಆಳವಾದ ಮೊಗಸಾಲೆ, ಕೆಂಪು ಬಾಗಿಲು, ಗುಬ್ಬಿಮೊಳೆ ಮತ್ತು ಇಟ್ಟಿಗೆಯ ಕೆತ್ತನೆಗಳನ್ನು ಒಟ್ಟೊಟ್ಟಿಗೆ ಬಳಸುವುದು ಕಂಡುಬರುತ್ತದೆ. ಕೆತ್ತನೆ ಎಷ್ಟೇ ನಯವಾಗಿದ್ದರೂ ಅಂತಹ ಬಾಗಿಲು ಇತಿಹಾಸವನ್ನು ಹೇಳಲಾರದು. ಅಧಿಕಾರಿಯ ಆಳವೂ ವರ್ತಕನ ಇಟ್ಟಿಗೆಯೂ ಒಂದೇ ಬಾಗಿಲಿನಲ್ಲಿ ಸೇರಿದಾಗ ಎರಡರ ಅರ್ಥವೂ ಅಳಿಸಿಹೋಗುತ್ತದೆ. ಸಂಗ್ರಹಾಲಯಕ್ಕೆ ಬಂದ ಬಾಗಿಲ ಕಲ್ಲಿನ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಲ್ಲ. ಅದರ ಹೊರಭಾಗದ ಸಿಂಹವನ್ನು ನೋಡಬಹುದು. ಒಳಭಾಗದ ಕುಳಿಯಲ್ಲಿ ತಿರುಗಿದ ಬಾಗಿಲು ಎಷ್ಟು ಅಗಲದ್ದು, ಯಾವ ಬಣ್ಣದ್ದು, ಯಾವ ಓಣಿಯದು ಎಂಬುದು ತಿಳಿಯುವುದಿಲ್ಲ.

ಸಮಾರೋಪ

ಚೀನಾದ ಅಂಗಳಮನೆಯ ಅಲಂಕಾರವನ್ನು ಓದಲು ಸಂಕೇತಗಳ ಕೋಶವೊಂದೇ ಸಾಲದು. ಯಾವ ಚಿತ್ರ ಎಂಬುದರ ಜೊತೆಗೆ ಯಾವ ವಸ್ತುವಿನಲ್ಲಿ, ಯಾವ ಬಾಗಿಲಿನಲ್ಲಿ, ಬೀದಿಯ ಕಡೆಗೋ ಅಂಗಳದ ಕಡೆಗೋ ಎಂಬ ಪ್ರಶ್ನೆಗಳನ್ನೂ ಕೇಳಬೇಕಾಗುತ್ತದೆ. ಬಾಗಿಲಿನ ಆಳ, ಬಣ್ಣ ಮತ್ತು ಬಳೆಗಳು ಮನೆತನ ಏನಾಗಿತ್ತು ಎಂಬುದನ್ನು ತಿಳಿಸಿದರೆ, ಇಟ್ಟಿಗೆ ಮತ್ತು ಮರದ ಕೆತ್ತನೆಗಳು ಅದು ಏನಾಗಬಯಸಿತ್ತು ಎಂಬುದನ್ನು ತಿಳಿಸುತ್ತವೆ. ಲಿಖಿತ ದಾಖಲೆಗಳನ್ನು ಬಿಟ್ಟುಹೋಗದ ಅಸಂಖ್ಯ ವರ್ತಕರ, ಕೆಳದರ್ಜೆಯ ಅಧಿಕಾರಿಗಳ ಮತ್ತು ಹೆಸರಿಲ್ಲದ ಕುಶಲಕರ್ಮಿಗಳ ವಿಷಯದಲ್ಲಿ ಉಳಿದಿರುವ ಆಕರ ಬಹುಮಟ್ಟಿಗೆ ಇದೊಂದೇ. ಆದುದರಿಂದ ಇಂತಹ ಮನೆಗಳ ಸರ್ವೇಕ್ಷಣೆಯಲ್ಲಿ ಕೆತ್ತನೆಯ ಛಾಯಾಚಿತ್ರದಷ್ಟೇ ಅದರ ಸ್ಥಾನದ ಅಳತೆಯೂ ಮುಖ್ಯ. ಕಲ್ಲನ್ನು ಅದರ ಹೊಸ್ತಿಲಿನಿಂದ ಕೀಳುವ ಮೊದಲು ಹೊಸ್ತಿಲನ್ನು ದಾಖಲಿಸುವುದು ಸಂಶೋಧಕರ ಕರ್ತವ್ಯ.